ಜೊತೆಗಾರ ಸತ್ತ ಮೇಲೆ ಊಟ ಬಿಟ್ಟ ನಾಯಿ

ಜೊತೆಗಿದ್ದ ನಾಯಿ ಕರಿಯ ಸತ್ತಾಗಿನಿಂದ ನಿಮ್ಮ ನಾಯಿ ಕೆಂಚಿ ಊಟ ಮುಟ್ಟದೆ ಗೇಟಿನ ಬಳಿಯೇ ಮಲಗಿರುವುದಕ್ಕೆ ಜೊತೆಗಾರನಿಲ್ಲದ ಕೊರಗೇ ಕಾರಣವಿರಬೇಕು. ಆದರೂ ಮೊದಲು ತುಟಿ ಎತ್ತಿ ಒಸಡು ನೋಡಿ. ಉಣ್ಣೆ ಹುಳ ಕಚ್ಚಿ ಬರುವ ಜ್ವರದಲ್ಲೂ ನಾಯಿ ಹೀಗೇ ಮಂಕಾಗುತ್ತದೆ. ಒಸಡು ಬಿಳಿಚಿಕೊಂಡಿದ್ದರೆ, ಜ್ವರ 103 ಡಿಗ್ರಿ ದಾಟಿದ್ದರೆ, ನೀರೂ ಕುಡಿಯದಿದ್ದರೆ ಇವತ್ತೇ ಚಿಂತಾಮಣಿಯ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಬರೀ ಊಟ ಬಿಟ್ಟಿದ್ದರೂ ಎರಡು ದಿನಕ್ಕಿಂತ ಹೆಚ್ಚು ಕಾಯಬೇಡಿ.

ಕರಿಯ ವಯಸ್ಸಾಗಿ ಸತ್ತಿದ್ದು, ಸೋಂಕಿನಿಂದಲ್ಲ. ಹಾಗಾಗಿ ಅವನು ಮಲಗುತ್ತಿದ್ದ ಗೋಣಿಚೀಲ ಈಗಲೇ ಒಗೆಯಬೇಡಿ, ಕೆಂಚಿ ಮೂಸಲಿ. ಮುದ್ದೆಯನ್ನು ಈರುಳ್ಳಿ, ಬೆಳ್ಳುಳ್ಳಿ, ಖಾರ ಹಾಕದ ಕೋಳಿ ಬೇಯಿಸಿದ ನೀರಿನಲ್ಲಿ ಕಿವುಚಿ, ಉಗುರುಬೆಚ್ಚಗೆ, ಎಂದಿನ ಹೊತ್ತಿಗೇ ಇಡಿ. 15 ನಿಮಿಷದಲ್ಲಿ ತಿನ್ನದಿದ್ದರೆ ಎತ್ತಿಬಿಡಿ. ಬೆಳಗಿನ ಸುತ್ತಾಟ ತಪ್ಪಿಸಬೇಡಿ, ಅದು ನಿಮಗೂ ಬೇಕು. ಸರಿಹೋಗಲು ಕೆಲವಕ್ಕೆ ವಾರ ಸಾಕು, ಕೆಲವಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಅವಳು ತಾನಾಗಿ ತಟ್ಟೆಗೆ ಬರುವವರೆಗೆ ಹೊಸ ಮರಿ ತರಬೇಡಿ.