ಕೆಸರನ್ನೂ ಉಳಿಸ್ಬೇಕಾ?

ಪ್ರಶ್ನೆ: ಸರ್, ರಜೆಲಿ ಕುಮಟಾ ಕಡೆ ಹೋಗಿದ್ವಿ. ಅಘನಾಶಿನಿ ಹೊಳೆ ಸಮುದ್ರ ಸೇರೋ ಅಳಿವೆ ಹತ್ರ ನೀರು ಇಳಿದು ಎಲ್ಲಿ ನೋಡಿದ್ರೂ ಕೆಸರು, ಕೊಳೆತ ಮೊಟ್ಟೆ ವಾಸನೆ ಬೇರೆ. ನಮ್ ಕಡೆ ರಕ್ಷಿತ ಜಾಗ ಅಂದ್ರೆ ಕಾಡು, ಸಿಂಗಳೀಕ. ಈ ಕೆಸರಲ್ಲಿ ಉಳಿಸೋಕೆ ಏನಿದೆ? ಉಳಿಸ್ತೀವಿ ಅಂತ ಹೊರಟ್ರೆ ಮೀನು-ಚಿಪ್ಪು ಹಿಡಿಯೋರ ಗತಿ ಏನು?
- ಓದುಗರೊಬ್ಬರು, ಹೊಸನಗರ ತಾಲೂಕು

ಉತ್ತರ: ಆ ವಾಸನೆ ಗಲೀಜಿಂದಲ್ಲ ಮಾರಾಯ್ರೆ. ಕೆಸರಿನ ಮೇಲಿನ ತೆಳು ಪದರ ಬಿಟ್ರೆ ಒಳಗೆ ಆಕ್ಸಿಜನ್ ಇರಲ್ಲ, ಅಲ್ಲಿನ ಬ್ಯಾಕ್ಟೀರಿಯಾ ಉಪ್ಪುನೀರಿನ ಸಲ್ಫೇಟ್ ಬಳಸ್ಕೊಂಡು ಎಲೆ-ಕಸ ಕರಗಿಸ್ತವೆ, ಆಗ ಹೊರಡೋ ಹೈಡ್ರೋಜನ್ ಸಲ್ಫೈಡ್ ವಾಸನೆ ಅದು. ಮೇಲ್ಗಡೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ಅದನ್ನ ತಿನ್ನೋ ಹುಳ, ಏಡಿ, ಬಳಚು ಅನ್ನೋ ಎರಡು ಚಿಪ್ಪಿನ ಜೀವಿ, ಅವನ್ನ ಹೆಕ್ಕೋಕೆ ಚಳಿಗಾಲದಲ್ಲಿ ಮಧ್ಯ ಏಷ್ಯಾ, ಸೈಬೀರಿಯಾ ಕಡೆಯಿಂದ ಬರೋ ಗೊರವ ಜಾತಿ ಹಕ್ಕಿಗಳು. ದಡದ ಉಪ್ಪುನೀರಲ್ಲಿ ಬೆಳೆಯೋ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನ ಸಂದೀಲಿ ಮೀನು-ಸಿಗಡಿ ಮರಿ ದೊಡ್ಡದಾಗ್ತವೆ.

ಇನ್ನೊಂದು ವಿಷಯ ಹೇಳ್ಲೇಬೇಕು, ಯಾಕಂದ್ರೆ ಅದು ನಿಮ್ ತಾಲೂಕಿಗೇ ಸೇರಿದ್ದು. ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿ ನಿಮ್ಮೂರ ಮೇಲೇ ಹಾದು ಹೋಗೋ ಶರಾವತಿಗೂ ಹೊನ್ನಾವರದಲ್ಲಿ ಇಂಥದ್ದೇ ಅಳಿವೆ ಇದೆ, ಆದ್ರೆ 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆದ್ಮೇಲೆ ಪವರ್‌ಹೌಸಿಂದ ಬೇಸಿಗೇಲೂ ಸಿಹಿನೀರು ಬರ್ತಾನೇ ಇರೋದ್ರಿಂದ ಅಲ್ಲಿ ಉಪ್ಪಿನಂಶ ಮೊದಲಿನಷ್ಟು ಏರಲ್ಲ, ಉಪ್ಪು ಬೇಕಾದ ಬಳಚು ಕಮ್ಮಿ ಆಗ್ಹೋಯ್ತು. ಅಘನಾಶಿನಿಗೆ ಅಂಥ ದೊಡ್ಡ ಡ್ಯಾಮ್ ಇಲ್ಲ, ಬಳಚು ಇನ್ನೂ ರಾಶಿ ಸಿಗುತ್ತೆ. ಎರಡೂ ಹೊಳೆ ಇಳಿಯೋದು ಇದೇ ಘಟ್ಟದಿಂದ. ಶರಾವತಿ ಕಣಿವೆಯ ಕಾಡನ್ನ ಅಭಯಾರಣ್ಯ ಮಾಡಿದ್ದು ತುಂಬಾ ಒಳ್ಳೇದೇ, ಆದ್ರೆ ಕಾಡಿನ ಗಡಿಗೇ ನಮ್ಮ ಕಾಳಜಿ ನಿಂತ್ರೆ ಹೊಳೆಯ ಕೊನೆ ತುದಿಯನ್ನ ಕೈಬಿಟ್ಟ ಹಾಗೆ, ಇದನ್ನ ನಾನು ಗಟ್ಟಿಯಾಗೇ ಹೇಳ್ತೀನಿ.

ಚಿಪ್ಪು ತೆಗೆಯೋರ ಬಗ್ಗೆ ನೀವು ಕೇಳಿದ್ದು ಸರಿಯಾಗಿದೆ. ಅಘನಾಶಿನಿ ಅಳಿವೆ ಅಭಯಾರಣ್ಯ ಅಲ್ಲ, 2024ರಲ್ಲಿ ರಾಮ್ಸಾರ್ ತಾಣ ಅಂತ ಘೋಷಣೆ ಆಗಿದ್ದು, ಸುಮಾರು 4,801 ಹೆಕ್ಟೇರ್. ರಾಮ್ಸಾರ್ ಅಂದ್ರೆ ಕೆರೆ, ಅಳಿವೆಯಂಥ ಜೌಗು ಜಾಗ ಉಳಿಸೋಕೆ ದೇಶಗಳು ಮಾಡ್ಕೊಂಡ ಒಪ್ಪಂದ, ಅದು ಜನರನ್ನ ಹೊರಗೆ ಹಾಕೋದಲ್ಲ, ಜಾಗದ ಗುಣ ಕೆಡದ ಹಾಗೆ ಬಳಸೋದು. ಬಳಚು, ಮೀನು, ಗಜನಿ ಅನ್ನೋ ಉಪ್ಪುನೀರು ನುಗ್ಗೋ ಗದ್ದೆಯಲ್ಲಿ ಉಪ್ಪು ತಡ್ಕೊಂಡು ಬೆಳೆಯೋ ಕಗ್ಗ ಭತ್ತ, ಇದನ್ನೇ ನಂಬಿರೋ ಸಾವಿರಾರು ಕುಟುಂಬ ಅಲ್ಲಿವೆ, ಅವರನ್ನ ಬಿಟ್ಟು ಮಾಡೋ ಸಂರಕ್ಷಣೆ ನನಗಂತೂ ಒಪ್ಪಿಗೆ ಇಲ್ಲ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೇಲೂ ಜೀವಿಗಳಿರೋ ಕೆಸರುಬಯಲು ಅತಿ ಸೂಕ್ಷ್ಮ ವಲಯದಲ್ಲೇ ಬರುತ್ತೆ. ಭಯ ಇರೋದು ಮಣ್ಣು ತುಂಬ್ಸೋದ್ರಿಂದ, ಮಿತಿ ಇಲ್ಲದೆ ಮರಳು-ಚಿಪ್ಪು ತೆಗೆಯೋದ್ರಿಂದ.

ಮತ್ತೆ ಹೋಗೋದಾದ್ರೆ ಡಿಸೆಂಬರ್-ಜನವರೀಲಿ, ಹುಣ್ಣಿಮೆ ಇಲ್ಲ ಅಮಾವಾಸ್ಯೆ ಆಸುಪಾಸಲ್ಲಿ ಹೋಗಿ, ಇಳಿತ ಜಾಸ್ತಿ ಇರುತ್ತೆ, ಹಕ್ಕೀನೂ ಸಿಗ್ತವೆ. ಕೆಸರಿಗೆ ಮಾತ್ರ ಇಳೀಬೇಡಿ, ಕಾಲು ಹೂತ್ರೆ ಎಳ್ಕೊಳೋದು ಕಷ್ಟ.