ಕಣ್ಣಿಗೆ ಇಂಜೆಕ್ಷನ್ ಹಾಕಿಸಿದರೆ ಗ್ಲಾಕೋಮಾ ಡ್ರಾಪ್ಸ್ ನಿಲ್ಲಿಸಬಹುದಾ?

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಕೆಲಸ. ತುಂಬಾ ವರ್ಷದಿಂದ ಶುಗರ್ ಇದೆ. ಹೋದ ವಾರ ಬಲಗಣ್ಣು ಕೆಂಪಾಗಿ, ತಲೆ ಸಿಡಿಯುವಂಥ ನೋವು ಬಂತು. ಶುಗರ್‌ನಿಂದ ಬಂದ ಗ್ಲಾಕೋಮಾ, ಕಣ್ಣಿನ ಪ್ರೆಷರ್ 44 ಇದೆ ಅಂದರು. ಡ್ರಾಪ್ಸ್ ಕೊಟ್ಟಿದ್ದಾರೆ. ಕಣ್ಣೊಳಗೆ ಇಂಜೆಕ್ಷನ್, ಆಮೇಲೆ ಲೇಸರ್ ಆಗಬೇಕಂತೆ. ಒಂದು ಇಂಜೆಕ್ಷನ್ ಹಾಕಿಸಿದರೆ ಡ್ರಾಪ್ಸೇ ಬೇಡ ಅಂತ ಮೊಬೈಲ್‌ನಲ್ಲಿ ನೋಡಿದೆವು. ನಿಜವಾ? ತಂದೆಗೆ ಸೂಜಿ ಅಂದರೆ ಭಯ.
– ಓದುಗರು, ಶಿಡ್ಲಘಟ್ಟ

ಉತ್ತರ: ಡ್ರಾಪ್ಸ್ ನಿಲ್ಲಿಸಬೇಡಿ. ಗ್ಲಾಕೋಮಾ ಅಂದರೆ ಸಾಮಾನ್ಯವಾಗಿ ಕಣ್ಣೊಳಗಿನ ಪ್ರೆಷರ್ ಏರಿ ಕಣ್ಣಿನ ನರ ಹಾಳಾಗುವ ರೋಗ. ನೀವು ಮೊಬೈಲ್‌ನಲ್ಲಿ ನೋಡಿದ್ದು ಬೇರೆ, ತಂದೆಗೆ ಹೇಳಿರುವುದು ಬೇರೆ.

ಮೊಬೈಲ್‌ನದು ಬಹುಶಃ ಬಿಮಾಟೊಪ್ರೋಸ್ಟ್ ಇಂಪ್ಲಾಂಟ್. ಕಣ್ಣಿನ ಮುಂಭಾಗದೊಳಗೆ ಸೂಜಿಯಿಂದ ಬಿಡುವ ಪುಟ್ಟ ಕಡ್ಡಿ ಅದು. ತಿಂಗಳುಗಟ್ಟಲೆ ಔಷಧಿ ಬಿಡುತ್ತಾ ತಾನೇ ಕರಗುತ್ತದೆ. 2020ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ಅದು ಕಣ್ಣೊಳಗಿನ ನೀರು ಹೊರಹೋಗುವ ದಾರಿ ತೆರೆದೇ ಇರುವ ಗ್ಲಾಕೋಮಾಗೆ. ನಿಮ್ಮ ತಂದೆಯ ಕಥೆಯೇ ಬೇರೆ.

ಶುಗರ್‌ನಿಂದ ಅಕ್ಷಿಪಟಲದ (ಕಣ್ಣಿನ ಹಿಂಭಾಗದ ಪರದೆ, ರೆಟಿನಾ) ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ರಕ್ತ ಸಾಲದ ಅಕ್ಷಿಪಟಲ ವಿಇಜಿಎಫ್ ಎನ್ನುವ ಪ್ರೋಟೀನ್ ಬಿಡುತ್ತದೆ. ಆಗ ಬೇಡದ ಕಡೆಯೆಲ್ಲ ಹೊಸ ನಾಳಗಳು ಹುಟ್ಟುತ್ತವೆ. ಕಣ್ಣಿನೊಳಗಿನ ನೀರು ಹೊರಹೋಗುವ ಮೂಲೆಯಲ್ಲೂ ಅವು ಹಬ್ಬಿಕೊಂಡರೆ, ಚರಂಡಿಗೆ ಕಳೆ ತುಂಬಿದ ಹಾಗೆ ನೀರು ನಿಲ್ಲುತ್ತದೆ. ಸಾಮಾನ್ಯವಾಗಿ 10ರಿಂದ 21ರೊಳಗೆ ಇರಬೇಕಾದ ಪ್ರೆಷರ್ 44ಕ್ಕೆ ಏರಿದ್ದು ಹೀಗೆ.

ಈಗ ಹಾಕುವ ಇಂಜೆಕ್ಷನ್ ಆ ಪ್ರೋಟೀನನ್ನು ತಡೆಯುತ್ತದೆ. ಹೆಚ್ಚಾಗಿ ಬೆವಾಸಿಝುಮ್ಯಾಬ್ ಇಲ್ಲವೇ ರಾನಿಬಿಝುಮ್ಯಾಬ್ ಬಳಸುತ್ತಾರೆ. ಬೆವಾಸಿಝುಮ್ಯಾಬ್ ಚೀಟಿ ನೋಡಿ ‘ಇದು ಕ್ಯಾನ್ಸರ್ ಔಷಧಿ’ ಅಂತ ಯಾರಾದರೂ ಹೆದರಿಸಬಹುದು. 2004ರಲ್ಲಿ ಅದು ಕರುಳಿನ ಕ್ಯಾನ್ಸರ್‌ಗೆ ಅಂತಲೇ ಬಂದದ್ದು, ನಿಜ. ಕಣ್ಣಿಗೆ ಹಾಕುವುದು ಅದರ ತೀರಾ ಸಣ್ಣ ಪ್ರಮಾಣ. ಕೆಲವೇ ದಿನದಲ್ಲಿ ಹೊಸ ನಾಳಗಳು ಸೊರಗುತ್ತವೆ.

ಆದರೆ ಪರಿಣಾಮ ಇರುವುದು ಕೆಲವು ವಾರ ಮಾತ್ರ. ಆಮೇಲೆ ನಾಳಗಳು ಮತ್ತೆ ಹುಟ್ಟಬಹುದು. ಅಷ್ಟರೊಳಗೆ ಅಕ್ಷಿಪಟಲಕ್ಕೆ ಲೇಸರ್ ಮುಗಿಯಬೇಕು. ನನ್ನ ಮಟ್ಟಿಗೆ ಲೇಸರೇ ಮುಖ್ಯ ಚಿಕಿತ್ಸೆ, ಇಂಜೆಕ್ಷನ್ ಅದಕ್ಕೆ ಸಮಯ ಕೊಡಿಸುತ್ತದೆ ಅಷ್ಟೇ. ನೋವು ಇಳಿಯಿತಲ್ಲ ಅಂತ ಸುಮ್ನೆ ಮನೆಯಲ್ಲಿ ಕೂತು ಲೇಸರ್ ತಪ್ಪಿಸಿಕೊಳ್ಳುವವರೇ ಜಾಸ್ತಿ. ಮೂಲೆ ಆಗಲೇ ಅಂಟಿಕೊಂಡು ಮುಚ್ಚಿಹೋಗಿದ್ದರೆ ನಾಳಗಳು ಒಣಗಿದರೂ ಪ್ರೆಷರ್ ಇಳಿಯುವುದಿಲ್ಲ. ಆಗ ಆಪರೇಷನ್ ಮಾಡಿ ಕಣ್ಣಿನ ನೀರು ಹೊರಬಿಡುವ ವಾಲ್ವ್ ಕೂರಿಸಬೇಕಾಗಬಹುದು. ಇಷ್ಟೆಲ್ಲ ಮಾಡಿದರೂ ನರ ಸತ್ತು ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಲು ತಡ ಮಾಡಬೇಡಿ.

ಸೂಜಿಯ ಭಯದ ಬಗ್ಗೆ ತಂದೆಗೆ ಇಷ್ಟು ಹೇಳಿ. ಮೊದಲು ಮರಗಟ್ಟುವ ಡ್ರಾಪ್ಸ್ ಹಾಕುತ್ತಾರೆ. ಪೊವಿಡೋನ್ ಅಯೋಡಿನ್‌ನಿಂದ ಕಣ್ಣು ಶುದ್ಧ ಮಾಡುತ್ತಾರೆ, ಆಗ ಉರಿ ಅನ್ನಿಸಬಹುದು. ರೆಪ್ಪೆ ಮುಚ್ಚದಂತೆ ಒಂದು ಕ್ಲಿಪ್ ಇಡುತ್ತಾರೆ. ಕರಿಗುಡ್ಡೆಯ ಅಂಚಿನಿಂದ ಸುಮಾರು 4 ಮಿಲಿಮೀಟರ್ ಆಚೆ, ಬಿಳಿ ಭಾಗದಲ್ಲಿ ಕೂದಲೆಳೆಯಂಥ ಸೂಜಿ. ‘ಅತ್ತ ನೋಡಿ’ ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ಒಳಗೆ ಹೋಗುವುದು 0.05 ಮಿಲಿ ಔಷಧಿ. ಅಷ್ಟಕ್ಕೇ ಪ್ರೆಷರ್ ಸ್ವಲ್ಪ ಹೊತ್ತು ಏರುತ್ತದೆ. ಹಾಗಾಗಿ ಕಣ್ಣಿನಿಂದ ಒಂದು ಹನಿ ನೀರು ತೆಗೆಯಬಹುದು, ಗಾಬರಿ ಬೇಡ. ಬಿಳಿ ಭಾಗದಲ್ಲಿ ಕೆಂಪು ಕಲೆ ಉಳಿದರೆ ಅದು ತಾನೇ ಹೋಗುತ್ತದೆ. ಆದರೆ ಮುಂದಿನ ದಿನಗಳಲ್ಲಿ ನೋವು ಹೆಚ್ಚಿದರೆ, ದೃಷ್ಟಿ ಮಂಜಾದರೆ ಸೋಂಕು ಇರಬಹುದು. ಅವತ್ತೇ ಹೋಗಿ, ಬೆಳಗಾಗಲಿ ಅಂತ ಕಾಯಬೇಡಿ.

ಇಂಜೆಕ್ಷನ್‌ಗೆ ಮುಂಚೆ ಎರಡು ವಿಷಯ ಡಾಕ್ಟರಿಗೆ ಹೇಳಿ. ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಅಥವಾ ಪಾರ್ಶ್ವವಾಯು ಆಗಿತ್ತಾ ಅನ್ನುವುದು ಒಂದು. ಇನ್ನೊಂದು ಉಬ್ಬಸ. ರೀಲಿಂಗ್ ಮಾಡುವವರಲ್ಲಿ ಅದು ಅಪರೂಪವಲ್ಲ ಅಲ್ವಾ? ಗ್ಲಾಕೋಮಾ ಡ್ರಾಪ್ಸ್‌ನಲ್ಲಿ ಟಿಮೊಲಾಲ್ ಇದ್ದರೆ ಉಬ್ಬಸ ಕೆರಳಬಹುದು. ಬಾಟಲಿಯ ಮೇಲೆ ಹೆಸರು ನೋಡಿ. ಇದ್ದರೆ ನೀವಾಗಿ ನಿಲ್ಲಿಸಬೇಡಿ, ತಕ್ಷಣ ಡಾಕ್ಟರನ್ನು ಕೇಳಿ ಬದಲಾಯಿಸಿಕೊಳ್ಳಿ. ಬಾಟಲಿಯನ್ನು ಗೂಡು ಬೇಯಿಸುವ ಬಿಸಿ ಶೆಡ್‌ನಲ್ಲಿ ಇಡಬೇಡಿ.

ಇಂಜೆಕ್ಷನ್ ಆದ ಮೇಲೆ ಕನಿಷ್ಠ ಒಂದು ವಾರ ರೀಲಿಂಗ್ ಬೇಸಿನ್ ಮುಂದೆ ಕೂರುವುದು ಬೇಡ. ಆ ನೀರಿನ ಕೈ ಕಣ್ಣಿಗೆ ತಾಗಬಾರದು. ಎಡಗಣ್ಣು ಚೆನ್ನಾಗಿ ಕಾಣುತ್ತಿದ್ದರೂ ಪಾಪೆ ಹಿಗ್ಗಿಸಿ ಅದರ ಅಕ್ಷಿಪಟಲವನ್ನೂ ಈಗಲೇ ನೋಡಿಸಿ. ಶುಗರ್ ಎರಡೂ ಕಣ್ಣಿಗೆ ಇದೆ. ಊರಿನಲ್ಲಿ ಲೇಸರ್ ಸೌಲಭ್ಯ ಇಲ್ಲದಿದ್ದರೆ ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆಗೆ ಹೋಗಬಹುದು. ಹಳೆಯ ಚೀಟಿಗಳು, ಶುಗರ್ ರಿಪೋರ್ಟ್ ಎಲ್ಲ ಜೊತೆಗಿರಲಿ.