ಮಾಂಟ್ರಿಯಲ್‌ನ ಐಸ್ ಹಾಕಿ ತಂಡದ ಹಿರಿಮೆ

ಪ್ರಶ್ನೆ: ಕೆನಡಾದಲ್ಲಿರುವ ನನ್ನ ಮಗಳು ಫೋನಿನಲ್ಲಿ ಮಾಂಟ್ರಿಯಲ್ ಕೆನೆಡಿಯನ್ಸ್ ಎಂಬ ಐಸ್ ಹಾಕಿ ತಂಡದ ವಿಷಯವನ್ನೇ ಹೇಳುತ್ತಿರುತ್ತಾಳೆ. ಆ ತಂಡದ ಇತಿಹಾಸವನ್ನು ದಯವಿಟ್ಟು ತಿಳಿಸುವಿರಾ?
– ಓದುಗರೊಬ್ಬರು, ಮಾಟುಂಗಾ, ಮುಂಬಯಿ

ಉತ್ತರ: 1909ರ ಡಿಸೆಂಬರ್‌ನಲ್ಲಿ ಹುಟ್ಟಿದ ಈ ತಂಡವು, ತಾನು ಇಂದಿಗೂ ಆಡುತ್ತಿರುವ ನ್ಯಾಷನಲ್ ಹಾಕಿ ಲೀಗ್‌ಗಿಂತ ಸುಮಾರು 8 ವರ್ಷ ಹಿರಿಯದು. ಮುಂಬಯಿಯ ಮೈದಾನಗಳಲ್ಲಿ ಹನ್ನೊಂದು ಜನರ ಹಾಕಿಯನ್ನು ಕಂಡಿರುವ ನಿಮಗೆ, ಗೋಲ್‌ಕೀಪರ್ ಸೇರಿ ಆರೇ ಜನ ಮಂಜುಗಡ್ಡೆಯ ಮೇಲೆ ಜಾರುತ್ತ ಆಡುವ ಈ ಆಟದ ವೇಗವೇ ಬೆರಗು ಹುಟ್ಟಿಸೀತು. 1916ರಿಂದ 1993ರವರೆಗೆ ತಂಡವು ಐಸ್ ಹಾಕಿಯ ಚಾಂಪಿಯನ್ನರಿಗೆ ಸಲ್ಲುವ ಸ್ಟ್ಯಾನ್ಲಿ ಕಪ್ ಅನ್ನು 24 ಬಾರಿ ಗೆದ್ದಿದೆ. ಅಷ್ಟು ಸಲ ಗೆದ್ದ ತಂಡ ಮತ್ತೊಂದಿಲ್ಲ. 1956ರಿಂದ 1960ರವರೆಗಿನ ಐದು ಗೆಲುವುಗಳು ಸತತವಾಗಿ ಬಂದವು. ಅದಕ್ಕೂ ಮೊದಲು, 1944–45ರಲ್ಲಿ, ತಂಡದ ಆಟಗಾರ ಮಾರಿಸ್ ರಿಚರ್ಡ್ 50 ಪಂದ್ಯಗಳಲ್ಲಿ 50 ಗೋಲು ಹೊಡೆದಿದ್ದರು.

ಆದರೆ ನನ್ನ ಮಟ್ಟಿಗೆ ಕಪ್‌ಗಳ ಎಣಿಕೆಗಿಂತ ದೊಡ್ಡ ಮೈಲಿಗಲ್ಲು 1959ರ ನವೆಂಬರ್ 1ರದು. ಅಂದು ನ್ಯೂಯಾರ್ಕ್‌ನಲ್ಲಿ ಗಟ್ಟಿ ರಬ್ಬರಿನ ಪಕ್ ಮುಖಕ್ಕೆ ಬಡಿದು ಗಾಯಗೊಂಡ ಗೋಲ್‌ಕೀಪರ್ ಜಾಕ್ ಪ್ಲಾಂಟ್, ಹೊಲಿಗೆ ಹಾಕಿಸಿಕೊಂಡ ಮೇಲೆ, ಮುಖವಾಡವಿಲ್ಲದೆ ಮತ್ತೆ ಆಡಲಾರೆನೆಂದು ತರಬೇತುದಾರರೆದುರು ಪಟ್ಟು ಹಿಡಿದರು. ಅವರು ಮುಖವಾಡ ಧರಿಸಿಯೇ ಆಟಕ್ಕೆ ಮರಳಿದರು, ತಂಡವು ಆ ಪಂದ್ಯವನ್ನು ಗೆದ್ದಿತು. ಬರಿಮುಖದಲ್ಲಿ ಆಡುತ್ತಿದ್ದ ಉಳಿದ ಗೋಲ್‌ಕೀಪರ್‌ಗಳೂ ಕ್ರಮೇಣ ಮುಖವಾಡ ಧರಿಸತೊಡಗಿದರು.